ಗಂಡಸಿನ ಹುಬ್ಬಿಗೆ ಗೆರೆ ಎಳೆಯುವಾಗ

ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಬಣ್ಣ ಹಾಕಲು ಕೂತಾಗ ಎಷ್ಟೇ ಹರಟೆ ಇದ್ದರೂ ಹುಬ್ಬು ಬರೆಯುವ ಹೊತ್ತಿಗೆ ಮಾತು ನಿಲ್ಲುತ್ತದೆ. ಎಡಗೈಯಲ್ಲಿ ಕನ್ನಡಿ, ಬಲಗೈಯಲ್ಲಿ ಕಾಡಿಗೆ ಅದ್ದಿದ ಕಡ್ಡಿ. ಕುಂಬಳೆ ಕಡೆಯ ಹವ್ಯಾಸಿ ತಂಡವೊಂದರಲ್ಲಿ ಇಪ್ಪತ್ತು ವರ್ಷದಿಂದ ಸಣ್ಣಪುಟ್ಟ ವೇಷ ಮಾಡುತ್ತಾ ಬಂದಿದ್ದೇನೆ, ಹಾಗಾಗಿ ಇದು ನನ್ನ ಕೈಗೆ ಗೊತ್ತಿರುವ ವಿಷಯ. ಅದೇ ಮುಖ, ಅದೇ ಕಣ್ಣು. ಹುಬ್ಬನ್ನು ತೆಳ್ಳಗೆ ಬಿಲ್ಲಿನ ಹಾಗೆ ಬಾಗಿಸಿದರೆ ಹೆಣ್ಣು. ದಪ್ಪಗೆ, ಬಿಗಿಯಾಗಿ ಎಳೆದರೆ ಗಂಡು. ಒಳತುದಿಯನ್ನು ಕೂದಲೆಳೆಯಷ್ಟು ಕೆಳಗಿಳಿಸಿದರೆ ಸಿಟ್ಟು, ಮೇಲೆತ್ತಿದರೆ ದುಃಖ. ಆಟ ಮುಗಿದು ಬೆಳಗಾದ ಮೇಲೆ ತೆಂಗಿನೆಣ್ಣೆ ಹಚ್ಚಿ ಒರೆಸಿದರೆ ಎಲ್ಲವೂ ಹೋಗುತ್ತದೆ.

ಒರೆಸಿದರೆ ಹೋಗದ ಹುಬ್ಬಿನ ಬಗ್ಗೆ ನಾನು ಯೋಚನೆ ಮಾಡಲು ಶುರು ಮಾಡಿದ್ದು ಅಕ್ಕನ ಮಗನಿಂದಾಗಿ. ಮೂರು ವರ್ಷದ ಹಿಂದೆ, ಮಳೆಗಾಲದಲ್ಲಿ, ಬದಿಯಡ್ಕದಿಂದ ಮನೆಗೆ ಬರುವಾಗ ಅವನ ಬೈಕ್ ಜಾರಿತು. ಎಡಹುಬ್ಬಿನ ಮೇಲೆ ಎಂಟು ಹೊಲಿಗೆ ಬಿತ್ತು. ಗಾಯವೇನೋ ಒಣಗಿತು. ಆದರೆ ಹುಬ್ಬಿನ ಹೊರಗಿನ ಅರ್ಧದಲ್ಲಿ ಕೂದಲು ಮತ್ತೆ ಬರಲೇ ಇಲ್ಲ. ಅಲ್ಲಿ ನುಣುಪಾದ, ಸ್ವಲ್ಪ ಬಿಳಿಚಿದ ಚರ್ಮ. ಹೆಣ್ಣುಮಕ್ಕಳಾದರೆ ಪೆನ್ಸಿಲ್ ಎಳೆದುಕೊಂಡು ಹೊರಗೆ ಹೋಗಬಹುದು, ಯಾರೂ ಏನೂ ಕೇಳುವುದಿಲ್ಲ. ಇವನೂ ಅದನ್ನೇ ಮಾಡಿ ನೋಡಿದ. ನಮ್ಮ ಊರಿನ ಬೆವರಿಗೆ ಅದು ಕರಗಿ ಕಣ್ಣಿಗೆ ಇಳಿಯುತ್ತಿತ್ತು. ಇಪ್ಪತ್ತೇಳರ ಹುಡುಗ ಮದುವೆಮನೆಯಲ್ಲಿ ಫೋಟೋ ತೆಗೆಯುವಾಗೆಲ್ಲ ಎಡಗಡೆ ಮುಖ ತಿರುಗಿಸಿ ನಿಲ್ಲುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಕೊನೆಗೆ ಕೂದಲು ನೆಡಿಸುವುದೇ ಸರಿ ಅಂತ ತೀರ್ಮಾನಿಸಿದ. ಕಾಸರಗೋಡಿನ ನಮಗೆ ಇಂಥದ್ದಕ್ಕೆಲ್ಲ ಮಂಗಳೂರೇ ಹತ್ತಿರ. ನಾನೂ ಜೊತೆಗೆ ಹೋದೆ. ಒಂದು ಸಲ ಅಂತ ಹೊರಟದ್ದು ನಾಲ್ಕು ಸಲವಾಯಿತು. ಕೇಳಿದೆ, ಓದಿದೆ, ಹತ್ತಿರದಿಂದ ನೋಡಿದೆ. ಇಲ್ಲಿ ನಾನು ಬರೆಯಹೊರಟಿರುವುದು ಆಪರೇಶನ್‌ಗೂ ಮೊದಲಿನ ಒಂದು ಗಂಟೆಯ ಬಗ್ಗೆ. ಹುಬ್ಬಿನ ಆಕಾರವನ್ನು ಮುಖದ ಮೇಲೆ ಬರೆಯುವ ಗಂಟೆ. ಅರ್ಧಕ್ಕಿಂತ ಜಾಸ್ತಿ ಕೆಲಸ ಅಲ್ಲೇ ಆಗಿಹೋಗುತ್ತದೆ ಎಂಬುದು ನನ್ನ ನಂಬಿಕೆ. ಅಲ್ಲಿ ಅವಸರ ಮಾಡಿದರೆ ಎಂಥ ಕುಶಲ ಕೈಯೂ ಆಮೇಲೆ ಸರಿಮಾಡಲಾರದು.

ಮೊದಲು ಈ ಕೆಲಸ ಹೇಗೆ ನಡೆಯುತ್ತದೆ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ತಲೆಯ ಹಿಂಭಾಗದಿಂದ ಕೂದಲನ್ನು ಬೇರುಸಮೇತ ತೆಗೆಯುತ್ತಾರೆ. ಹೀಗೆ ತೆಗೆದದ್ದಕ್ಕೆ ಗ್ರಾಫ್ಟ್ ಅಂತ ಹೆಸರು. ತಲೆಯಲ್ಲಿ ಒಂದೇ ಕಡೆಯಿಂದ ಎರಡು ಮೂರು ಕೂದಲು ಒಟ್ಟಿಗೆ ಹುಟ್ಟುವುದು ಜಾಸ್ತಿ. ಹುಬ್ಬಿಗೆ ಅಂಥದ್ದು ನೆಟ್ಟರೆ ಬ್ರಶ್ಶಿನ ಹಾಗೆ ಕಾಣುತ್ತದೆ. ಅದಕ್ಕೇ ಒಂಟಿ ಕೂದಲಿನ ಗ್ರಾಫ್ಟ್ ಬೇಕು. ಅದರಲ್ಲೂ ಕಿವಿಯ ಹಿಂದಿನ, ಕತ್ತಿನ ಹತ್ತಿರದ ಸಪೂರ ಕೂದಲನ್ನು ಹುಡುಕುತ್ತಾರೆ. ಹುಬ್ಬಿನ ಜಾಗದಲ್ಲಿ ಒಂದು ಮಿಲಿಮೀಟರಿಗಿಂತ ಚಿಕ್ಕ ಸೀಳುಗಳನ್ನು ಮಾಡಿ ಒಂದೊಂದನ್ನೇ ಕೂರಿಸುತ್ತಾರೆ. ಪೂರ್ತಿ ಹುಬ್ಬು ಕಟ್ಟಬೇಕಾದರೆ ಒಂದು ಕಡೆಗೇ ಸಾಧಾರಣ 200ರಿಂದ 400 ಕೂದಲು ಬೇಕಾಗುತ್ತದೆ.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಜಪಾನಿನ ಶೋಜಿ ಒಕುಡಾ ಎಂಬ ವೈದ್ಯರು 1939ರಲ್ಲೇ, ಗಾಯದಿಂದ ಕೂದಲು ಹೋದ ತಲೆ, ಹುಬ್ಬು, ಮೀಸೆಗಳಿಗೆ ಹೀಗೆ ಕೂದಲು ನೆಟ್ಟದ್ದನ್ನು ಬರೆದಿಟ್ಟಿದ್ದರು. ಆಗ ತೆಗೆಯುತ್ತಿದ್ದ ತುಂಡುಗಳು 2ರಿಂದ 4 ಮಿಲಿಮೀಟರ್ ಅಗಲದವು. 1959ರಲ್ಲಿ ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ ಇನ್ನೊಂದು ಮುಖ್ಯ ಸಂಗತಿ ತೋರಿಸಿಕೊಟ್ಟರು. ಕೂದಲನ್ನು ಎಲ್ಲಿಗೆ ಒಯ್ದು ನೆಟ್ಟರೂ ಅದು ತನ್ನ ಹುಟ್ಟುಗುಣ ಬಿಡುವುದಿಲ್ಲ. ಹುಬ್ಬಿನ ಮಟ್ಟಿಗೆ ಇದರ ಅರ್ಥ ಏನು ಗೊತ್ತಾ? ನಮ್ಮ ಹುಬ್ಬಿನ ಕೂದಲು ಒಂದೆರಡು ತಿಂಗಳು ಬೆಳೆದು ನಿಂತುಬಿಡುತ್ತದೆ, ಅದಕ್ಕೇ ಗಿಡ್ಡ. ತಲೆಗೂದಲು ವರ್ಷಗಟ್ಟಲೆ ಬೆಳೆಯುತ್ತಲೇ ಇರುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ತಲೆಯಿಂದ ಹುಬ್ಬಿಗೆ ಬಂದ ಕೂದಲಿಗೆ ತಾನು ಹುಬ್ಬಿನಲ್ಲಿದ್ದೇನೆ ಅಂತ ಗೊತ್ತಾಗುವುದಿಲ್ಲ. ಅದು ಬೆಳೆಯುತ್ತಾ ಹೋಗುತ್ತದೆ, ನಾವು ಕತ್ತರಿಸುತ್ತಾ ಹೋಗಬೇಕು. ವಾರಕ್ಕೋ ಎರಡು ವಾರಕ್ಕೋ ಒಮ್ಮೆ. ಆಕಾರ ಬರೆಯುವ ಮುಂಚೆಯೇ ಇದನ್ನು ತಲೆಯಲ್ಲಿ ಇಟ್ಟುಕೊಂಡಿರಬೇಕು.

ಇನ್ನೊಂದು ಮಾತೂ ಮೊದಲೇ. ಹುಬ್ಬು ಯಾಕೆ ಹೋಯಿತು ಅಂತ ಗೊತ್ತಾಗದೆ ಗೆರೆ ಎಳೆಯಬಾರದು. ಥೈರಾಯ್ಡ್ ಕಡಿಮೆಯಾದಾಗ ಹುಬ್ಬಿನ ಹೊರತುದಿ ತೆಳ್ಳಗಾಗುವುದುಂಟು. ಅಲ್ಲಿ ಬೇಕಾದದ್ದು ರಕ್ತಪರೀಕ್ಷೆ ಮತ್ತು ಮಾತ್ರೆ. ನಾಣ್ಯದಷ್ಟಗಲ ಕೂದಲು ಉದುರುವ ಅಲೋಪೇಶಿಯಾ ಏರಿಯೇಟಾ ಇದ್ದರೆ ನೆಟ್ಟದ್ದೂ ಉದುರಬಹುದು. ಕುಷ್ಠರೋಗದಲ್ಲೂ ಹುಬ್ಬು ಹೋಗುತ್ತದೆ. ಅದಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಮದ್ದು ಉಚಿತ, ರೋಗ ಪೂರ್ತಿ ಗುಣವಾಗುತ್ತದೆ, ಹುಬ್ಬಿನ ಮಾತು ಆಮೇಲೆ. ತನ್ನ ಕೂದಲನ್ನು ತಾನೇ ಕಿತ್ತುಕೊಳ್ಳುವ ಅಭ್ಯಾಸ ಕೆಲವರಿಗಿರುತ್ತದೆ. ಅದು ಮೊದಲು ನಿಲ್ಲಬೇಕು. ನಮ್ಮ ಹುಡುಗನದ್ದು ಅಪಘಾತದ ಕಲೆ, ಹಾಗಾಗಿ ಕಾರಣ ಹುಡುಕುವ ಕಷ್ಟ ಇರಲಿಲ್ಲ.

ನಾವು ಮೊದಲು ಹೋದ ಜಾಗದ ಹೆಸರು ಬೇಡ. ಅಲ್ಲಿ ಅವನನ್ನು ಮಂಚದ ಮೇಲೆ ಮಲಗಿಸಿದರು. ಒಬ್ಬರು ಪ್ಲಾಸ್ಟಿಕ್ಕಿನ ಅಚ್ಚು ತಂದು ಹುಬ್ಬಿನ ಮೇಲಿಟ್ಟರು, ಸುತ್ತ ಪೆನ್ನಿನಲ್ಲಿ ಎಳೆದರು, ಕನ್ನಡಿ ಹಿಡಿದರು. ಎರಡು ನಿಮಿಷ ಕೂಡ ಆಗಿರಲಿಲ್ಲ. ಹುಡುಗ ಕನ್ನಡಿ ನೋಡಿ, ನನ್ನ ಮುಖ ನೋಡಿ, "ಎಂತ ಮಾವ, ಸ್ತ್ರೀವೇಷದ ಹಾಗೆ ಕಾಣ್ತದಲ್ಲ?" ಅಂದ. ನನಗೂ ಹಾಗೇ ಕಂಡಿತ್ತು. ನಡುವಿನಲ್ಲಿ ಎತ್ತಿದ ಬಿಲ್ಲು, ಹೊರಗೆ ಸೂಜಿಮೊನೆಯಂಥ ಬಾಲ, ಅಂಚುಗಳು ಕತ್ತಿಯಲ್ಲಿ ಕೊಯ್ದ ಹಾಗೆ ನೀಟು. ಅದು ಹೆಂಗಸರ ಪಾರ್ಲರಿನ ಅಚ್ಚು. ನಾವು ಎದ್ದು ಬಂದೆವು. ಬರುವಾಗ ಬಸ್ಸಿನಲ್ಲಿ ಅವನು ಒಂದು ಮಾತೂ ಆಡಲಿಲ್ಲ.

ಎರಡನೇ ಕಡೆ ಚರ್ಮದ ಡಾಕ್ಟರು ಅವನನ್ನು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂರಿಸಿದರು. ಬೆನ್ನು ನೇರ, ತಲೆ ನೇರ, ಬೆಳಕು ಮುಖದ ಎರಡೂ ಕಡೆ ಒಂದೇ ಸಮ. ಮಲಗಿದರೆ ಹಣೆಯ ಚರ್ಮ ಹಿಂದಕ್ಕೂ ಪಕ್ಕಕ್ಕೂ ಜಾರುತ್ತದೆ, ಹುಬ್ಬು ತನ್ನ ಜಾಗ ಬಿಡುತ್ತದೆ ಅಂತ ಹೇಳಿದರು. ಬೇಕಾದರೆ ಈಗಲೇ ಮಲಗಿ, ಮೇಲಿಂದ ಯಾರಿಂದಲಾದರೂ ಒಂದು ಫೋಟೋ ತೆಗೆಸಿಕೊಂಡು ನೋಡಿ, ನಿಮ್ಮದೇ ಮುಖ ಬೇರೆ ಥರ ಕಾಣುತ್ತದೆ. ಮಲಗಿದಾಗ ಸರಿಯಾಗಿ ಬರೆದ ಗೆರೆ ಎದ್ದು ನಿಂತಾಗ ತಪ್ಪಾಗುತ್ತದೆ. ಜನ ನಮ್ಮನ್ನು ನೋಡುವುದು ನಾವು ಎದ್ದು ನಿಂತಾಗ ಅಲ್ವಾ?

ಸೂಜಿಮದ್ದಿನ ವಿಷಯವೂ ಇದೇ. ಜಾಗ ಮರಗಟ್ಟಲು ಕೊಡುವ ಸೂಜಿಮದ್ದು ಒಳಗೆ ಹೋದ ಕೂಡಲೇ ಹುಬ್ಬಿನ ಚರ್ಮ ಉಬ್ಬುತ್ತದೆ. ಆಮೇಲೆ ಅಳತೆಗೆ ಅರ್ಥವಿಲ್ಲ. ಹಾಗಾಗಿ ಮೊದಲು ಬರೆಯಬೇಕು, ಒಪ್ಪಿಗೆಯಾಗಬೇಕು, ಫೋಟೋ ತೆಗೆಯಬೇಕು, ಆಮೇಲೆ ಸೂಜಿ. ಈ ಕ್ರಮ ತಲೆಕೆಳಗಾಗುವ ಕಡೆಯಿಂದ ಎದ್ದು ಬರುವುದೇ ಒಳ್ಳೆಯದು.

ಅಳತೆಗೆ ಮೂರು ಗೆರೆಗಳ ಒಂದು ಹಳೆಯ ಲೆಕ್ಕ ಇದೆ. ನೀವೂ ಕನ್ನಡಿ ಮುಂದೆ ಒಂದು ಪೆನ್ಸಿಲ್ ಹಿಡಿದು ನೋಡಬಹುದು. ಮೂಗಿನ ಹೊಳ್ಳೆಯ ಹೊರ ಅಂಚಿಗೆ ಪೆನ್ಸಿಲಿನ ಒಂದು ತುದಿ ಇಡಿ. ಅದನ್ನು ನೆಟ್ಟಗೆ ಮೇಲಕ್ಕೆ ಹಿಡಿದರೆ ಕಣ್ಣಿನ ಒಳಮೂಲೆಯ ಹತ್ತಿರದಿಂದ ಹಾದುಹೋಗುತ್ತದೆ. ಹುಬ್ಬು ಶುರುವಾಗುವುದು ಅಲ್ಲಿ. ಹೊಳ್ಳೆಯ ಜಾಗ ಬಿಡದೆ ಪೆನ್ಸಿಲನ್ನು ಓರೆಮಾಡಿ, ಕಣ್ಣಿನ ಹೊರಮೂಲೆಗೆ ತಾಗುವ ಹಾಗೆ ಹಿಡಿಯಿರಿ. ಅದು ಹುಬ್ಬನ್ನು ಮುಟ್ಟುವ ಕಡೆ ಬಾಲ ಮುಗಿಯಬೇಕು. ಇವೆರಡರ ನಡುವೆ, ಕಣ್ಣಿನ ಕರಿಗುಡ್ಡೆಯ ಹೊರ ಅಂಚಿನ ಮೇಲಿನಿಂದ ಹೋಗುವ ಗೆರೆಯ ಹತ್ತಿರ ಹುಬ್ಬಿನ ಎತ್ತರದ ಜಾಗ.

ಈ ಲೆಕ್ಕವನ್ನು ಗಂಡಸಿನ ಮುಖಕ್ಕೆ ಹಾಗ್ಹಾಗೇ ಹಾಕಿದಾಗಲೇ ಎಡವಟ್ಟಾಗುವುದು. ಹೆಂಗಸರಲ್ಲಿ ಹುಬ್ಬು ಕಣ್ಣುಗೂಡಿನ ಮೂಳೆಯ ಅಂಚಿಗಿಂತ ಸ್ವಲ್ಪ ಮೇಲೆ, ಬಾಗಿಕೊಂಡು ಇರುತ್ತದೆ. ಗಂಡಸರಲ್ಲಿ ಆ ಮೂಳೆಯ ಏಣಿನ ಮೇಲೆಯೇ ಕೂತಿರುತ್ತದೆ. ಹೆಬ್ಬೆರಳಿನಿಂದ ನಿಮ್ಮ ಹುಬ್ಬು ಒತ್ತಿ ನೋಡಿ, ಗಂಡಸಾದರೆ ಕೂದಲಿನ ಅಡಿಗೇ ಗಟ್ಟಿ ಮೂಳೆ ಸಿಗುತ್ತದೆ. ಆಕಾರವೂ ಬೇರೆ. ಗಂಡಸಿನ ಹುಬ್ಬು ಹೆಚ್ಚುಕಡಿಮೆ ಅಡ್ಡಗೆರೆಯಂತೆ ಹೋಗುತ್ತದೆ. ನಡುವೆ ಎತ್ತರ ಇದ್ದರೂ ಸಣ್ಣದು, ಅದೂ ಹೊರಗಿನ ಕಡೆಗೆ ಸರಿದಿರುತ್ತದೆ. ಬಾಲ ಸಪೂರವಾದರೂ ಸೂಜಿಯಾಗುವುದಿಲ್ಲ. ದಪ್ಪ ಜಾಸ್ತಿ, ಅಂಚು ಒರಟು. ಇಷ್ಟರಲ್ಲಿ ಯಾವುದನ್ನು ತಪ್ಪಿಸಿದರೂ ಮುಖದಲ್ಲಿ ಏನೋ ಸರಿಯಿಲ್ಲ ಅನಿಸುತ್ತದೆ. ಏನು ಸರಿಯಿಲ್ಲ ಅಂತ ನೋಡಿದವರಿಗೆ ಹೇಳಲು ಬರುವುದಿಲ್ಲ, ಅಷ್ಟೇ.

ಡಾಕ್ಟರು ಅಳತೆಗೆ ಮೊದಲು ಮುಖ ಆಡಿಸಿ ನೋಡಿದರು. "ಸುಮ್ನೆ ಕೂತ್ಕೊಳ್ಳಿ, ಕನ್ನಡಿ ನೋಡಬೇಡಿ, ಕಿಟಕಿಯಾಚೆ ನೋಡಿ" ಅಂದರು. ಕನ್ನಡಿ ಕಂಡ ಕೂಡಲೇ ನಾವೆಲ್ಲ ಗೊತ್ತಿಲ್ಲದೆ ಹುಬ್ಬು ಎತ್ತುತ್ತೇವೆ. ಹಾಗೆ ಎತ್ತಿದ ಹುಬ್ಬಿನ ಮೇಲೆ ಗೆರೆ ಬಿದ್ದರೆ ಮುಖ ಸಡಿಲವಾದಾಗ ಅದು ಕಣ್ಣಿನ ಮೇಲೆ ಇಳಿದು ಕೂರುತ್ತದೆ. ಕಣ್ಣು ಮುಚ್ಚಿ ತೆರೆಯಲು ಹೇಳಿದರು. ಹುಬ್ಬೇರಿಸಲು ಹೇಳಿದರು, ಗಂಟಿಕ್ಕಲು ಹೇಳಿದರು. ಏರಿಸುವಾಗ ಹಣೆಯ ಸ್ನಾಯು ಎಳೆಯುತ್ತದೆ, ಗಂಟಿಕ್ಕುವಾಗ ಹುಬ್ಬಿನ ಒಳತುದಿಯ ಸ್ನಾಯು. ಎರಡೂ ಕಡೆ ಒಂದೇ ಜೋರು ಇರುವುದು ಅಪರೂಪ. ನಮ್ಮ ಹುಡುಗನದ್ದು ಬಲಹುಬ್ಬು ಜಾಸ್ತಿ ಏರುತ್ತಿತ್ತು. ಇಪ್ಪತ್ತೇಳು ವರ್ಷ ಅವನನ್ನು ನೋಡಿದ ನನಗೂ ಅದು ಗೊತ್ತಿರಲಿಲ್ಲ.

ಆಮೇಲಿನದ್ದು ನನಗೆ ತುಂಬ ಇಷ್ಟವಾದ ಭಾಗ. ಬಲಹುಬ್ಬು ಪೂರ್ತಿ ಇತ್ತಲ್ಲ, ಅದರ ಮೇಲೆ ಪಾರದರ್ಶಕ ಹಾಳೆ ಇಟ್ಟು ಅದರ ಅಂಚನ್ನು ಎಳೆದುಕೊಂಡರು. ಹಾಳೆಯನ್ನು ಮಗುಚಿ ಎಡಗಡೆಗೆ ಇಟ್ಟರು. ಸಾಲದ್ದಕ್ಕೆ ಕ್ಯಾಲಿಪರ್ ತಂದು ಮೂಗಿನ ನಡುಗೆರೆಯಿಂದ ಎರಡೂ ಕಡೆಗೆ ಅಳೆದರು. ಲೆಕ್ಕ ಸರಿ ಬಂತು, ಆದರೆ ಮುಖ ಸರಿ ಬರಲಿಲ್ಲ. ಅವನ ಎಡಗಡೆಯ ಹುಬ್ಬುಮೂಳೆ ಬಲಗಡೆಯದ್ದಕ್ಕಿಂತ ಸ್ವಲ್ಪ ತಗ್ಗು. ಬಲದ ಅಳತೆಯನ್ನೇ ಎಡಕ್ಕೆ ಇಟ್ಟರೆ ಹುಬ್ಬು ಮೂಳೆಯ ಏಣು ಬಿಟ್ಟು ಮೇಲೆ ತೇಲಿದ ಹಾಗೆ ಕಾಣುತ್ತಿತ್ತು. ಡಾಕ್ಟರು ಹತ್ತಿಯಿಂದ ಒರೆಸಿ, ಬಾಲವನ್ನು ಒಂದೂವರೆ ಮಿಲಿಮೀಟರ್ ಇಳಿಸಿ ಮತ್ತೆ ಬರೆದರು. ಹಿಂದೆ ಸರಿದು ನಿಂತು ನೋಡಿದರು. ಇನ್ನೊಮ್ಮೆ ಒರೆಸಿದರು. ಹೀಗೆ ಐದು ಸಲವಾದರೂ ಆಗಿರಬೇಕು. ಚೌಕಿಯಲ್ಲಿ ನಮ್ಮ ಹಿರಿಯ ಕಲಾವಿದರು ಕನ್ನಡಿಯನ್ನು ದೂರ ಹಿಡಿದು, ಹತ್ತಿರ ತಂದು, ಮತ್ತೆ ದೂರ ಹಿಡಿಯುವುದು ನನಗೆ ನೆನಪಾಯಿತು.

ಎರಡು ಹುಬ್ಬು ಅಕ್ಕತಂಗಿಯರ ಹಾಗಿರಬೇಕು, ಅವಳಿಜವಳಿ ಆಗಬಾರದು ಅಂತ ಈ ಕೆಲಸದವರಲ್ಲಿ ಒಂದು ಮಾತಿದೆ. ಯಾವ ಮುಖದ ಎರಡು ಪಕ್ಕಗಳೂ ಒಂದೇ ಅಚ್ಚಿನವಲ್ಲ. ಹುಬ್ಬನ್ನು ಮಾತ್ರ ಒಂದೇ ಅಚ್ಚು ಮಾಡಿದರೆ ಉಳಿದ ಮುಖದ ಓರೆಕೋರೆ ಎದ್ದು ಕಾಣುತ್ತದೆ.

ಎರಡೂ ಕಡೆಯ ಹುಬ್ಬು ಹೋದವರಿಗೆ ಹೀಗೆ ನಕಲು ತೆಗೆಯಲು ಏನೂ ಇರುವುದಿಲ್ಲ. ಅವರು ಹಳೆಯ ಫೋಟೋ ತೆಗೆದುಕೊಂಡು ಹೋಗಬೇಕು. ಕಾಲೇಜಿನ ಐಡಿ ಕಾರ್ಡು, ಮದುವೆಯ ಆಲ್ಬಮ್ಮು, ಎದುರಿನಿಂದ ತೆಗೆದದ್ದು ಯಾವುದಾದರೂ ಆಗುತ್ತದೆ. ಅದೂ ಇಲ್ಲದಿದ್ದರೆ ಅಪ್ಪ, ಅಣ್ಣ, ತಮ್ಮಂದಿರ ಹುಬ್ಬು ನೋಡಬಹುದು. ಸಿನಿಮಾ ನಟನ ಫೋಟೋ ಹಿಡಿದುಕೊಂಡು ಹೋಗುವವರೂ ಇದ್ದಾರಂತೆ. ಆ ನಟನ ಮೂಳೆ, ಮೂಗು, ಹಣೆ ನಿಮ್ಮ ಹತ್ತಿರ ಇಲ್ಲದ ಮೇಲೆ ಅವನ ಹುಬ್ಬು ನಿಮಗೆ ಕೂರುವುದು ಕಷ್ಟ.

ಎರಡು ಹುಬ್ಬುಗಳ ನಡುವಿನ ಜಾಗದಲ್ಲಿ ಜಿಪುಣತನವೇ ಒಳ್ಳೆಯದು. ಅಂದರೆ ಒಳತುದಿಯನ್ನು ಮೂಗಿನ ಕಡೆಗೆ ಎಳೆಯುತ್ತಾ ಹೋಗಬಾರದು. ತೀರ ಹತ್ತಿರ ಬಂದರೆ ಕೂಡುಹುಬ್ಬಾಗಿ ಸದಾ ಸಿಟ್ಟಿನ ಮುಖ. ತೀರ ದೂರವಾದರೆ ಮೂಗು ಅಗಲವಾಗಿ ಕಾಣುತ್ತದೆ. ಒಂದು ಸಲ ನೆಟ್ಟ ಕೂದಲನ್ನು ತೆಗೆಸಲು ಲೇಸರೋ ವಿದ್ಯುತ್ತಿನ ಸೂಜಿಯೋ ಬೇಕು, ಅದು ಇನ್ನೊಂದು ತಲೆನೋವು. ಕಡಿಮೆಯಾದರೆ ಮುಂದಿನ ವರ್ಷ ಸೇರಿಸಬಹುದು. ದಪ್ಪದ ವಿಷಯಕ್ಕೂ ಇದೇ ಲೆಕ್ಕ. ನಮ್ಮ ಹುಡುಗ "ಇನ್ನೂ ಸ್ವಲ್ಪ ದಪ್ಪ ಆಗ್ಲಿ ಡಾಕ್ಟ್ರೇ" ಅಂತ ಮೂರು ಸಲ ಕೇಳಿದ. ಅವರು ಪೆನ್ಸಿಲಿನಲ್ಲಿ ದಪ್ಪ ಮಾಡಿ ತೋರಿಸಿದರು, ಅವನೇ ಬೇಡ ಅಂದ.

ಈಗ ಕೂದಲಿನ ದಿಕ್ಕು. ಹೊರಗಿನ ಗೆರೆಯನ್ನು ಮಾತ್ರ ಬರೆದು ಆಕಾರ ಆಯಿತು ಅಂದುಕೊಂಡರೆ ಅರ್ಧ ಕೆಲಸ ಬಾಕಿ. ಒಳಗೆ ಒಂದೊಂದು ಕೂದಲು ಯಾವ ಕಡೆಗೆ ಮಲಗಬೇಕು ಅನ್ನುವುದನ್ನೂ ಸಣ್ಣ ಸಣ್ಣ ಗೀಟುಗಳಲ್ಲಿ ಬರೆದುಕೊಳ್ಳಬೇಕು. ಅಡಿಕೆ ತೋಟ ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಸಸಿ ನೆಡುವ ಮೊದಲು ಹಗ್ಗ ಹಿಡಿದು 2.7 ಮೀಟರ್ ಅಂತರದಲ್ಲಿ ಗೂಟ ಹೊಡೆಯುತ್ತೇವೆ. ತೆಂಕುಬಡಗಿನ ಸಾಲನ್ನು ಪಡುವಣಕ್ಕೆ 35 ಡಿಗ್ರಿ ಓರೆ ಮಾಡಬೇಕು ಅಂತ ತಿಳಿದವರು ಹೇಳುತ್ತಾರೆ, ಇಳಿಬಿಸಿಲು ಕಾಂಡವನ್ನು ಸುಡಬಾರದು ಅಂತ. ಸಸಿ ಎಷ್ಟೇ ಒಳ್ಳೆಯದಿರಲಿ, ದಿಕ್ಕು ತಪ್ಪಿದರೆ ಆಮೇಲೆ ತಿರುಗಿಸಿ ನೆಡಲಾಗುವುದಿಲ್ಲ. ಹುಬ್ಬಿನದ್ದೂ ಹಾಗೇ.

ಕನ್ನಡಿಯ ಹತ್ತಿರ ಹೋಗಿ ನಿಮ್ಮ ಹುಬ್ಬನ್ನು ಗಮನಿಸಿ. ಮೂಗಿನ ಹತ್ತಿರದ ಕೂದಲು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ನಿಂತಿರುತ್ತದೆ. ಒಂದೆರಡು ಕೂದಲಂತೂ ಮೂಗಿನ ಕಡೆಗೇ ವಾಲಿರಬಹುದು. ನಾಲ್ಕು ಹೆಜ್ಜೆ ಹೊರಗೆ ಬಂದರೆ ಕೂದಲು ಕಿವಿಯ ಕಡೆಗೆ ಓರೆಯಾಗುತ್ತದೆ. ನಡುಭಾಗದಲ್ಲಿ ಕೆಳಸಾಲಿನವು ಮೇಲಕ್ಕೂ ಹೊರಕ್ಕೂ, ಮೇಲುಸಾಲಿನವು ಕೆಳಕ್ಕೂ ಹೊರಕ್ಕೂ ಹೊರಳಿ ನಡುವಿನ ಒಂದು ಗೆರೆಯಲ್ಲಿ ಸೇರುತ್ತವೆ. ತೆಂಗಿನ ಮಡಲು ನೆಯ್ದಾಗ ಎರಡು ಕಡೆಯ ಗರಿ ಸೇರುವ ಹಾಗೆ. ಹುಬ್ಬಿಗೆ ದಪ್ಪ, ನೆರಳು ಬರುವುದು ಆ ಸೇರುವಿಕೆಯಿಂದಲೇ. ಬಾಲದಲ್ಲಿ ಎಲ್ಲವೂ ಅಡ್ಡಕ್ಕೆ ಮಲಗುತ್ತವೆ. ಅದೂ ಎಷ್ಟು ಚಪ್ಪಟೆ ಅಂದರೆ, ಚರ್ಮಕ್ಕೂ ಕೂದಲಿಗೂ ನಡುವೆ 10ರಿಂದ 15 ಡಿಗ್ರಿ ಮಾತ್ರ. ಇದಕ್ಕಿಂತ ಎದ್ದು ನಿಂತರೆ ಗುಡಿಸಲು ಹಿಡಿಯುವ ಹಿಡಿಸೂಡಿಯ ಕಡ್ಡಿಗಳ ಹಾಗೆ ಹೊರಗೆ ಚಾಚಿಕೊಳ್ಳುತ್ತದೆ. ಕೂದಲಿಗೆ ಸ್ವಲ್ಪ ಬಾಗು ಇದ್ದರೆ ಆ ಬಾಗು ಚರ್ಮದ ಕಡೆಗೇ ಇರುವ ಹಾಗೆ ತಿರುಗಿಸಿ ಕೂರಿಸಬೇಕು. ಗುಂಗುರು ಕೂದಲಿನವರಲ್ಲಿ ಇದಕ್ಕೆ ಇನ್ನಷ್ಟು ಗಮನ ಬೇಕು.

ತೋಟದ ಹೋಲಿಕೆ ಒಂದು ಕಡೆ ಮಾತ್ರ ಕೈಕೊಡುತ್ತದೆ. ತೋಟದಲ್ಲಿ ಸಾಲು ಕಾಣಬೇಕು, ಹುಬ್ಬಿನಲ್ಲಿ ಸಾಲು ಕಾಣಲೇಬಾರದು. ಬರೆದ ಗೆರೆಯ ಉದ್ದಕ್ಕೂ ಒತ್ತಾಗಿ ಕೂದಲು ಕೂರಿಸಿದರೆ ಅಂಟಿಸಿದ ಹುಬ್ಬಾಗುತ್ತದೆ. ಗೆರೆ ಅಂದರೆ ದಾಟಬಾರದ ಬೇಲಿ, ಅಷ್ಟೇ. ಬೇಲಿಯ ಹತ್ತಿರ ಕೂದಲು ವಿರಳ, ಅಲ್ಲೊಂದು ಇಲ್ಲೊಂದು. ನಡುವಿಗೆ ಬಂದ ಹಾಗೆ ಒತ್ತು. ಒಳತುದಿಯಂತೂ ಹೊಗೆಯ ಹಾಗೆ ಮೆಲ್ಲಗೆ ಶುರುವಾಗಬೇಕು. ಗಂಡಸಿನ ಹುಬ್ಬಿನಲ್ಲಿ ಬೇಲಿಯಾಚೆಗೂ ಬೇಕೆಂದೇ ಒಂದೆರಡು ಒಂಟಿ ಕೂದಲು ಬಿಡುವ ಡಾಕ್ಟರುಗಳಿದ್ದಾರೆ. ನನಗೆ ಇದು ತುಂಬ ಸರಿ ಅನಿಸಿತು. ನಮ್ಮೂರಿನ ಯಾವ ಗಂಡಸಿನ ಹುಬ್ಬೂ ಥ್ರೆಡಿಂಗ್ ಮಾಡಿಸಿದ ಹಾಗೆ ಇರುವುದಿಲ್ಲವಲ್ಲ.

ಕಲೆಯ ಮೇಲೆ ನೆಡುವಾಗ ಆಕಾರದ ಲೆಕ್ಕಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ಗಾಯ ಮಾಗಿದ ಚರ್ಮದಲ್ಲಿ ರಕ್ತದ ಓಡಾಟ ಕಡಿಮೆ, ಹಾಗಾಗಿ ನೆಟ್ಟದ್ದೆಲ್ಲ ಹಿಡಿಯುವುದಿಲ್ಲ. ಒತ್ತಾಗಿ ನೆಟ್ಟರೆ ಇನ್ನೂ ಕಷ್ಟ. ಗಾಯವಾಗಿ ಒಂದು ವರ್ಷವಾದರೂ ಕಳೆದು ಕಲೆ ಮೆತ್ತಗಾಗಿರಬೇಕು. ವಿರಳವಾಗಿ ಒಂದು ಸುತ್ತು, ಹಿಡಿದದ್ದು ನೋಡಿಕೊಂಡು ಇನ್ನೊಂದು ಸುತ್ತು ಅಂತ ಎರಡು ಕಂತಿನಲ್ಲಿ ಮಾಡುವುದುಂಟು. ನಮ್ಮ ಹುಡುಗನಿಗೆ ಮೊದಲ ಸುತ್ತಿನಲ್ಲಿ 140 ಕೂದಲು ಅಂತ ನಿಗದಿಯಾಯಿತು. ಎರಡು ಸುತ್ತಾಗುವುದಾದರೆ ಆಕಾರವನ್ನು ಮಾತ್ರ ಮೊದಲ ದಿನವೇ ಪೂರ್ತಿ ಬರೆದು, ಫೋಟೋದಲ್ಲೂ ಹಾಳೆಯಲ್ಲೂ ಇಟ್ಟುಕೊಂಡಿರಬೇಕು.

ಗೆರೆ ಆದ ದಿನವೇ ಆಪರೇಶನ್ ಬೇಡ ಅಂತ ಆ ಡಾಕ್ಟರೇ ಹೇಳಿದರು. ಎಲ್ಲರೂ ಹೀಗೆ ಹೇಳುವುದಿಲ್ಲ. ನೀವೇ ಕೇಳಿ ತೆಗೆದುಕೊಳ್ಳಿ ಅನ್ನುವುದು ನನ್ನ ಸಲಹೆ. ಬರೆದ ಆಕಾರದೊಳಗೆ ಪೆನ್ಸಿಲಿನಲ್ಲಿ ಕೂದಲಿನ ಹಾಗೆ ಸಣ್ಣ ಗೀಟು ತುಂಬಿಸಿ, ಎದುರು, ಓರೆ, ಪಕ್ಕ ಅಂತ ಫೋಟೋ ತೆಗೆದುಕೊಟ್ಟರು. ಕನ್ನಡಿ ಸಾಲದೇ ಅಂತ ನಾನು ಕೇಳಿದೆ. ಕನ್ನಡಿಯಲ್ಲಿ ಎಡಬಲ ಅದಲುಬದಲು, ನಾವು ಹುಟ್ಟಿದಾಗಿನಿಂದ ನೋಡಿ ಅಭ್ಯಾಸವಾದದ್ದು ಆ ತಿರುಗಿದ ಮುಖವನ್ನು. ಮನೆಯವರು, ಸ್ನೇಹಿತರು ನೋಡುವುದು ಫೋಟೋದ ಮುಖವನ್ನು. ಎರಡರಲ್ಲೂ ಒಪ್ಪಿಗೆಯಾದರೆ ಮಾತ್ರ ಮುಂದೆ. ಹುಡುಗ ಫೋಟೋವನ್ನು ಅಕ್ಕನಿಗೆ ಕಳಿಸಿದ. ಅವಳು ತಕ್ಷಣ ಫೋನು ಮಾಡಿ, "ಇದು ನಿನ್ನ ಅಜ್ಜನ ಹುಬ್ಬಿನ ಹಾಗೇ ಉಂಟಲ್ಲ" ಅಂದಳು. ಅಜ್ಜ ಅಂದರೆ ನಮ್ಮ ಅಪ್ಪ. ನಾನು ಅದನ್ನು ಗಮನಿಸಿರಲಿಲ್ಲ, ಆದರೆ ಹೌದು, ಹಾಗೇ ಇತ್ತು. ಆ ಪೆನ್ಸಿಲ್ ಗೀಟುಗಳನ್ನು ಒರೆಸದೆ ಅವನು ಸಂಜೆ ಬಸ್ಸಿನಲ್ಲಿ ಮಂಜೇಶ್ವರ, ಉಪ್ಪಳ ದಾಟಿ ಬಂದ. ಯಾರೂ ಅವನನ್ನು ಎರಡನೇ ಸಲ ನೋಡಲಿಲ್ಲ. ಅದೇ ನಮಗೆ ಬೇಕಾಗಿದ್ದದ್ದು.

ಬರೆಯುವುದು ಯಾರು ಅಂತ ಕೇಳಲು ಸಂಕೋಚ ಬೇಡ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರಿನಲ್ಲಿ ಕೂದಲು ಕಸಿಯ ಬಗ್ಗೆ ಸೂಚನೆ ಹೊರಡಿಸಿದೆ. ಕಾರ್ಯಾಗಾರದಲ್ಲಿ ನೋಡಿ, ಯೂಟ್ಯೂಬಿನಲ್ಲಿ ನೋಡಿ ಕಲಿತದ್ದು ಇದಕ್ಕೆ ಸಾಕಾಗುವುದಿಲ್ಲ, ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು ಅಂತ ಅದರಲ್ಲಿ ಹೇಳಿದೆ. ಗ್ರಾಫ್ಟ್ ಎಣಿಸಲು, ಜೋಡಿಸಲು ಸಹಾಯಕರು ಇರುತ್ತಾರೆ, ಅದು ಸರಿ. ಗೆರೆ ಎಳೆಯುವುದು, ಸೀಳು ಮಾಡುವುದು ಡಾಕ್ಟರ ಕೈಯೇ ಆಗಿರಬೇಕು. ಸೀಳಿನ ಓರೆಯೇ ಕೂದಲಿನ ಓರೆ, ಹಾಗಾಗಿ ಎರಡೂ ಕೆಲಸ ಒಂದೇ ಕೈಯಲ್ಲಿದ್ದರೆ ಒಳ್ಳೆಯದು.

ಆಪರೇಶನ್ ಆದ ಮೇಲಿನದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಕಣ್ಣಿನ ಸುತ್ತ ನಾಲ್ಕೈದು ದಿನ ಊತ. ಒಂದು ವಾರದಲ್ಲಿ ಹೊಪ್ಪಳೆ ಉದುರಿತು. ಎರಡರಿಂದ ನಾಲ್ಕು ವಾರದೊಳಗೆ ನೆಟ್ಟ ಕೂದಲೂ ಉದುರುತ್ತದೆ, ಹೆದರಬೇಡಿ ಅಂತ ಮೊದಲೇ ಹೇಳಿದ್ದರು. ಹೇಳಿರದಿದ್ದರೆ ಅಕ್ಕ ಆ ದಿನ ಅತ್ತೇಬಿಡುತ್ತಿದ್ದಳು. ಬೇರು ಒಳಗೇ ಇರುತ್ತದೆ. ಮೂರು ನಾಲ್ಕು ತಿಂಗಳಿಗೆ ಮತ್ತೆ ಮೊಳೆಯುತ್ತದೆ, ಪೂರ್ತಿ ರೂಪ ಕಾಣಲು ಹತ್ತು ಹನ್ನೆರಡು ತಿಂಗಳು ಬೇಕು.

ಈಗ ಎಂಟು ತಿಂಗಳಾಯಿತು. ಗೆರೆ ಬರೆದ ದಿನದ ಆ ಫೋಟೋ ಇನ್ನೂ ಅವನ ಫೋನಿನಲ್ಲಿದೆ. ಎರಡು ವಾರಕ್ಕೊಮ್ಮೆ ಕುಂಬಳೆ ಪೇಟೆಯ ಕ್ಷೌರದಂಗಡಿಗೆ ಹೋದಾಗ ಅದನ್ನು ತೆಗೆದು ಕನ್ನಡಿಗೆ ಒರಗಿಸಿ ಇಡುತ್ತಾನೆ. ಅಂಗಡಿಯವರು ಮೊದಲು ಫೋಟೋ ನೋಡುತ್ತಾರೆ, ಆಮೇಲೆ ಅವನ ಮುಖ ನೋಡುತ್ತಾರೆ, ಆಮೇಲೆ ಸಣ್ಣ ಬಾಚಣಿಗೆಯಲ್ಲಿ ಹುಬ್ಬನ್ನು ಮೇಲಕ್ಕೆ ಬಾಚಿ, ಉದ್ದ ಬಂದಷ್ಟನ್ನೇ ಕತ್ತರಿಸುತ್ತಾರೆ.